ನಡುರಸ್ತೆಗೆ ತೆರೆದ ಬಾಗಿಲು

ನಮ್ಮ ಕೆಳಗಿನ ಮನೆಗೆ ಬಾಡಿ ಮೇಸ್ತ್ರಿ ವಾಪಸು ಬಂದಾಗ ಬೀದಿಯವರೆಲ್ಲ ಒಂದೇ ಪ್ರಶ್ನೆ ಹಿಡಿದು ಕಾದಿದ್ದೆವು: ಅಲ್ಲಿ ಚೆನ್ನಾಗಿದೆಯೋ, ಇಲ್ಲಿ ಚೆನ್ನಾಗಿದೆಯೋ? ಬಸ್ಸಿನ ಅಸ್ಥಿಪಂಜರಕ್ಕೆ ತಗಡಿನ ಮೈ ಹೊದಿಸುವುದು ಅವನ ಕಸುಬು. ಮಗಳು ಅಂಬೆಗಾಲಿಡುತ್ತಿದ್ದಾಗ ಹೊರದೇಶಕ್ಕೆ ಹೋದವನು, ಅವಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಬಂದ. ಹೋದ ದೇಶವೇನೂ ಚಿನ್ನದ ಗಣಿಯಲ್ಲ. ನಮ್ಮ ಹಾಗೇ ಹಾಸಲಿದ್ದರೆ ಹೊದೆಯಲಿಲ್ಲದ ದೇಶ.

ಹೆಂಡತಿಯ ತವರುಮನೆ ಬಿಟ್ಟರೆ ಬೇರೆ ಪರದೇಶ ಕಾಣದ ನಾನು ಮೊದಲ ದಿನವೇ ಅವನನ್ನು ಮೆಟ್ಟಿಲ ಬಳಿ ಅಡ್ಡಹಾಕಿದೆ.

“ಅಲ್ಲಿ ನಲ್ಲೀಲಿ ದಿನವಿಡೀ ನೀರು ಸಾರ್,” ಎಂದ. “ಕರೆಂಟು ಮಾತ್ರ ನೆಂಟರ ಹಾಗೆ. ಬಂದ್ರೆ ಬಂತು.”

“ಇಲ್ಲಿ?”

“ಇಲ್ಲಿ ಕರೆಂಟಿದೆ. ನೀರು ನೆಂಟರು.”

“ಆಸ್ಪತ್ರೆ?”

“ಅಲ್ಲಿ ಡಾಕ್ಟ್ರು ಇದ್ದಾರೆ, ಮಾತ್ರೆ ಇಲ್ಲ. ಇಲ್ಲಿ ಮಾತ್ರೆ ಇದೆ, ಡಾಕ್ಟ್ರು ಊಟಕ್ಕೆ ಹೋಗಿದ್ದಾರೆ. ಎರಡೂ ದೇಶಕ್ಕೆ ಮದುವೆ ಮಾಡ್ಸಿದ್ರೆ ಒಂದು ಸಂಸಾರ ಆಗುತ್ತೆ ನೋಡಿ.”

ನಾನು ನಕ್ಕೆ. ಅವನು ನಗಲಿಲ್ಲ. ಅಲ್ಲಿನ ಯಜಮಾನ ಫೋನು ಮಾಡುತ್ತಲೇ ಇದ್ದ: ತಿಂಗಳ ಕೊನೆಯೊಳಗೆ ಬಂದರೆ ಹಳೆಯ ಕೆಲಸ ನಿನ್ನದು, ಇಲ್ಲದಿದ್ದರೆ ಬೇರೆಯವನಿಗೆ. ಹೋಗಬೇಕೋ ಇರಬೇಕೋ ಎನ್ನುವುದು ಮೇಸ್ತ್ರಿಯ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಇರೋಣವೆಂದರೆ ಮನೆಯಲ್ಲಿ ಜಾಗ ಕಾಣಿಸದು. ಯಾರೂ ಹೊರದೂಡಿದ್ದಲ್ಲ, ತಾಯಿ ಮಗಳು ಸಂಸಾರವನ್ನು ಇಬ್ಬರ ಅಳತೆಗೆ ಹೊಲಿದುಕೊಂಡಿದ್ದರು, ಅಷ್ಟೆ. ಅವನ ಅಂಗಿಗೆ ಗೂಟವಿಲ್ಲ. ಅವನ ಕುರ್ಚಿಯ ಮೇಲೆ ಇಸ್ತ್ರಿಗೆ ಕಾದ ಬಟ್ಟೆಯ ರಾಶಿ. ಟೀವಿ ನೋಡುತ್ತ ಅವರಿಬ್ಬರೂ ಒಟ್ಟಿಗೆ ನಕ್ಕರೆ, ಇವನು ಒಂದಿಷ್ಟು ತಡವಾಗಿ, ಮರ್ಯಾದೆಗೆ ನಗುತ್ತಿದ್ದ. ಮಗಳಿಗೆ ಅಮ್ಮ ‘ನೀನು’, ಅಪ್ಪ ‘ನೀವು’.

ಇಲ್ಲಿಯೂ ಬಸ್ ಕಟ್ಟುವ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತು. ಒಂದು ರಜೆಯ ದಿನ ಮನೆಯಲ್ಲಿ ಕೂರಲಾಗದೆ ಒಬ್ಬನೇ ಹೋಗಿ ಹೊಸ ಬಸ್ಸಿಗೆ ಹಿಂಬಾಗಿಲು ಕಟ್ಟಿದ. ಚೌಕಟ್ಟು ಬೆಸೆದು, ಮೆಟ್ಟಿಲು ಕೂರಿಸಿ, ಹಿಡಿಕೆಯನ್ನು ಮುಖ ಕಾಣುವಂತೆ ಉಜ್ಜಿದ. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಶೆಡ್ಡೇ ಬಂದು ಬಾಯಿ ಬಿಟ್ಟುಕೊಂಡು ನಿಂತಿತು. ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಬಸ್ಸಿನ ಬಾಗಿಲೂ ಬಲಕ್ಕೆ. ಇಲ್ಲಿ ಎಲ್ಲವೂ ಎಡಕ್ಕೆ. ತಲೆ ಇಲ್ಲಿಗೆ ಬಂದಿದ್ದರೂ ಕೈ ಇನ್ನೂ ಅಲ್ಲೇ ಇತ್ತು. ಬಾಗಿಲು ನಡುರಸ್ತೆಗೆ ತೆರೆದುಕೊಂಡಿತ್ತು.

“ಏನ್ ಮೇಸ್ತ್ರಿ, ಇಳಿದೋರು ಸೀದಾ ಲಾರಿ ಹತ್ಬೇಕಾ?” ಎಂದ ವೆಲ್ಡರ್.

“ಲಾರಿ ಯಾಕಯ್ಯಾ, ಇದು ನೇರ ಸ್ವರ್ಗಕ್ಕೆ ಹೋಗೋ ಬಸ್ಸು,” ಎಂದ ಬಣ್ಣದವನು.

ಇಲ್ಲಿನ ಯಜಮಾನ ಬೈಯಲಿಲ್ಲ. “ಅದನ್ನ ಮುಚ್ಚಿ ಆ ಕಡೆ ತೆಗೀರಿ” ಎಂದನಷ್ಟೆ. ಮೇಸ್ತ್ರಿಗೆ ‘ಬಲಗಡೆ’ ಎಂದು ಹೆಸರು ಬಿತ್ತು. ಒಳ್ಳೆಯ ಹೆಸರು ತೆವಳುತ್ತದೆ, ಅಡ್ಡಹೆಸರು ಓಡುತ್ತದೆ. ಆ ವಾರ ಮುಗಿಯುವುದರೊಳಗೆ ಅದು ನಮ್ಮ ಬೀದಿಯ ತರಕಾರಿಯವಳ ಬಾಯಲ್ಲೂ ಇತ್ತು.

ಆ ದಿನ ಬಾಗಿಲು ಮುಚ್ಚಿ ಬೆಸೆದು ಮನೆಗೆ ಬಂದರೆ ಮನೆಗೂ ಚಿಲಕ. ದೀಪ ಹಾಕುವ ಹೊತ್ತಿಗೆ ಚಿಲಕ ಹಾಕುವುದು ಹೆಂಡತಿಯ ರೂಢಿ. ಅಷ್ಟು ವರ್ಷ, ಆಮೇಲೆ ಬರುವವರು ಯಾರೂ ಇರಲಿಲ್ಲವಲ್ಲ.

ತಟ್ಟಿದ. ಒಳಗಿಂದ ಹೆಂಡತಿಯ ದನಿ:

“ಯಾರು?”

“ನಾನು.”

“ನಾನು ಅಂದ್ರೆ?”

ಹಾಲಿನ ಪಾಕೀಟು ಹಿಡಿದು ಬರುತ್ತಿದ್ದ ನಾನು, ಒಳ್ಳೆಯ ನೆರೆಯವನಿಗೆ ತಕ್ಕಂತೆ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನಿಂತೆ. ಮೇಸ್ತ್ರಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಕೊನೆಗೆ ಮಗಳು ಬಾಗಿಲು ತೆಗೆದು, “ಅಯ್ಯೋ, ನೀವಾ!” ಎಂದಳು.

ತಿಂಗಳ ಕೊನೆ ಹತ್ತಿರವಾಯಿತು. ನನಗೆ ತಡೆಯಲಾಗಲಿಲ್ಲ. “ಹೊರಟ್ರಾ ಮೇಸ್ತ್ರಿ?”

“ಬರಲ್ಲ ಅಂತ ಹೇಳ್ಬಿಟ್ಟೆ ಸಾರ್.”

“ಹಾಗಾದ್ರೆ ಇಲ್ಲೇ ಚೆನ್ನಾಗಿದೆ ಅನ್ನಿ!” ದೇಶವನ್ನು ನಾನೇ ಕಟ್ಟಿದವನ ಹಾಗೆ ಎದೆಯುಬ್ಬಿಸಿದೆ.

“ಅಲ್ಲಿ ರೂಮಿನ ಬೀಗ ನಾನೇ ಹಾಕ್ತಿದ್ದೆ, ನಾನೇ ತೆಗೀತಿದ್ದೆ. ಒಳಗಿಂದ ‘ಯಾರು’ ಅನ್ನೋಕೆ ಒಂದು ನರಪಿಳ್ಳೇನೂ ಇರ್ಲಿಲ್ಲ.”

“ಅಷ್ಟು ಸಾಕಾ?”

“ಸಾಲಲ್ಲ,” ಎಂದ. “ನೋಡೋಣ.”

ಆ ಸಂಜೆ ಮೇಲಿನ ವರಾಂಡದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಬಾಗಿಲು ತಟ್ಟಿದ ಸದ್ದು.

“ಯಾರು?”

“ನಾನು.”

“ನಾನು ಅಂದ್ರೆ?”

ಮೇಸ್ತ್ರಿ ಮೆಲ್ಲಗೆ, “ಬಲಗಡೆ.”

ಚಿಲಕ ಸರಿದದ್ದು ಕೇಳಿಸಿತು. ಅವನ ಹೆಂಡತಿ ನಕ್ಕಳೋ ಇಲ್ಲವೋ ಹೇಳಲಾರೆ. ಸರಿಯಾಗಿ ಅದೇ ಗಳಿಗೆಗೆ ನಮ್ಮ ಮನೆಯಾಕೆ ಮಿಕ್ಸಿ ಹಾಕಿದಳು.