ಯಾರೂ ಹೆಸರೆತ್ತದ ನಾಟಕ

ಭಾನುವಾರ ಬೆಳಿಗ್ಗೆ ರಿವದಾವಿಯಾ ಪಾರ್ಕಿನ ಹಳೆಪುಸ್ತಕದ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೆ ನೆಲಿದಾ ಸ್ಕಾರ್ಪಿನೊ ಅಲ್ಲಿ ಹಾಜರಿರುತ್ತಿದ್ದಳು. ಅಂಗಡಿಕಾರ ಫಿದೆಲ್ ಬಾರ್ಬೆರಿಸ್ ಹಸಿರು ಬಣ್ಣದ ತಗಡಿನ ಬಾಗಿಲನ್ನು ಮೇಲೆತ್ತಿ ಅದಕ್ಕೆ ಕೋಲು ಆನಿಸುವ ತನಕವೂ ತಾಳ್ಮೆಯಿಂದ ನಿಂತಿದ್ದು, ನಂತರ ಕೈಚೀಲವನ್ನು ಸ್ಟೂಲಿನ ಮೇಲಿಟ್ಟು ಕೆಲಸಕ್ಕೆ ತೊಡಗುತ್ತಿದ್ದಳು. ಕೈಗೆ ಸಿಕ್ಕ ನಾಟಕದ ಪುಸ್ತಿಕೆಯನ್ನು ಮೊದಲು ಮೂಸಿ ನೋಡುವುದು. ತೇವದ ವಾಸನೆ ಬಂದರೆ ಅದನ್ನು ಮನೆಯಲ್ಲಿ ಉಳಿದವುಗಳ ಜೊತೆ ಇಡುವಂತಿಲ್ಲ. ಆಮೇಲೆ ಬೆನ್ನಿನ ಪಿನ್ನುಗಳ ತುಕ್ಕು ಕಾಗದವನ್ನು ಎಷ್ಟು ತಿಂದಿದೆ ಎಂದು ಉಗುರಿನಿಂದ ತಡವಿ ನೋಡುವುದು. ಕೊನೆಗೆ ಪಾತ್ರಗಳ ಪುಟ. ಯಾವ ಪಾತ್ರಕ್ಕೆ ಯಾವ ನಟ ಎಂದು ಅಚ್ಚು ಹಾಕಿರುವ ಆ ಪುಟದಲ್ಲಿ ಮೊದಲ ಪ್ರದರ್ಶನದವರ ಹೆಸರುಗಳಿದ್ದರೆ ಅದು ಮೊದಲ ಮುದ್ರಣ. ಬೇರೆಯವರಿದ್ದರೆ ಆಮೇಲೆ ಮತ್ತೆ ಹೊಡೆದದ್ದು. ಎರಡನೆಯದನ್ನು ಅವಳು ಮುಟ್ಟುತ್ತಿರಲಿಲ್ಲ.

ಪಕ್ಕದಲ್ಲಿ ಶಾಲಾಪುಸ್ತಕ ಮಾರುವ ಎವಾರಿಸ್ತೊ ಈ ಮೂಸುವಿಕೆಗೆ ಅವಳನ್ನು ‘ಇನ್‌ಸ್ಪೆಕ್ಟರಮ್ಮ’ ಎಂದು ಕರೆಯುತ್ತಿದ್ದ. ಇವತ್ತಿನ ಮೀನು ತಾಜಾ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದ. ಅವಳು ತಲೆ ಎತ್ತದೆ, ನಿನ್ನ ಗಣಿತದ ಪುಸ್ತಕಗಳಿಗಿಂತ ತಾಜಾ ಇದೆ ಎನ್ನುತ್ತಿದ್ದಳು.

ಬ್ಯೂನಸ್ ಐರಿಸ್‌ನಲ್ಲಿ ಒಂದು ಕಾಲಕ್ಕೆ ನಾಟಕಗಳು ರಂಗದ ಮೇಲೆ ಬಂದ ವಾರವೇ ಅಚ್ಚಾಗಿ ಬರುತ್ತಿದ್ದವು. ಅಗ್ಗದ ಕಾಗದ, ಮುಖಪುಟದಲ್ಲಿ ನಾಯಕಿಯ ಫೋಟೊ, ಹಿಂಬದಿಯಲ್ಲಿ ಕೂದಲೆಣ್ಣೆಯ ಜಾಹೀರಾತು. ಜನ ನಾಟಕ ನೋಡಿ ಹೊರಬರುವಾಗ ಬಾಗಿಲಲ್ಲೇ ಕೊಂಡು, ಟ್ರಾಮಿನಲ್ಲಿ ಓದಿ, ಮನೆಗೆ ಹೋಗಿ ಒಲೆ ಹೊತ್ತಿಸಲು ಬಳಸುತ್ತಿದ್ದರು. ಒಲೆಗೆ ಹೋಗದೆ ಉಳಿದವನ್ನೇ ನೆಲಿದಾ ಕೂಡಿಹಾಕುತ್ತಿದ್ದದ್ದು. ಕೊರ್ರಿಯೆಂತೆಸ್ ಬೀದಿಯ ಒಂದು ನಾಟಕಶಾಲೆಯ ಟಿಕೆಟ್ ಕಿಂಡಿಯಲ್ಲಿ ಕೂತು ಅವಳು ಪ್ರಾಯವನ್ನೆಲ್ಲ ಕಳೆದಿದ್ದಳು. ನಿವೃತ್ತಿಯಾದಾಗ ಕೊಟ್ಟ ಗೋಡೆ ಗಡಿಯಾರವನ್ನು ತಂಗಿಗೆ ದಾಟಿಸಿ, ಅದು ಇರಬೇಕಾಗಿದ್ದ ಗೋಡೆಗೆ ಮತ್ತೊಂದು ಕಪಾಟು ಹೊಡೆಸಿದ್ದಳು. ಬೊಯೆದೊ ಬಡಾವಣೆಯ ಅವಳ ಎರಡು ಕೋಣೆಗಳ ಮನೆಯಲ್ಲಿ ಪುಸ್ತಿಕೆಗಳು ಬೂಟಿನ ಪೆಟ್ಟಿಗೆಗಳಲ್ಲಿ ಇಸವಿವಾರು ಕೂತಿದ್ದವು. ಬೂಟಿನ ಪೆಟ್ಟಿಗೆಯೇ ಏಕೆ ಎಂದು ಕೇಳಿದವರಿಗೆ, ಅಳತೆ ಸರಿಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದಳು.

ಅವಳ ಅಪ್ಪ ಬೂಟಿನ ಅಂಗಡಿಯಲ್ಲಿ ಮಾರಾಟಗಾರನಾಗಿದ್ದ. ಹೆಸರು ಫೆರ್ಮಿನ್ ಒಯಾರ್ಬಿದೆ. ಇಡೀ ಜೀವಮಾನದಲ್ಲಿ ಅವನು ಬರೆದದ್ದು ಒಂದೇ ನಾಟಕ. ಸಾವಿರದ ಒಂಬೈನೂರ ಮೂವತ್ತನಾಲ್ಕರ ಚಳಿಗಾಲದಲ್ಲಿ ಅದು ರಂಗಕ್ಕೆ ಬಂತು. ಮೂರನೆಯ ರಾತ್ರಿ ಹಿಂದಿನ ಪರದೆ ಅದನ್ನು ಕಟ್ಟಿದ ಗಳದ ಸಮೇತ ಕಳಚಿಬಿದ್ದು ನಾಯಕನಟನ ಭುಜದ ಮೂಳೆ ಮುರಿಯಿತು. ವಸಂತದಲ್ಲಿ ರೊಸಾರಿಯೊ ಪಟ್ಟಣದ ಒಂದು ತಂಡ ಅದನ್ನೇ ಆಡಲು ಹೋದಾಗ ಗ್ರೀನ್‌ರೂಮಿಗೆ ಬೆಂಕಿ ಬಿತ್ತು. ಅಲ್ಲಿಗೆ ಮುಗಿಯಿತು. ನಾಟಕ ‘ಮುಫಾ’ ಎನಿಸಿಕೊಂಡಿತು, ಹೆಸರೆತ್ತಿದವನಿಗೆ ಕೇಡು. ನಾಟಕದವರು ಅದನ್ನು ‘ಆ ಇನ್ನೊಂದು’ ಎನ್ನತೊಡಗಿದರು. ಬರೆದವನ ಹೆಸರಿಗೂ ಅದೇ ಗತಿ ಬಂತು. ಅವನು ಕಾಫಿ ಅಂಗಡಿಗೆ ಕಾಲಿಟ್ಟರೆ ನಟರು ಮೇಜಿನಡಿ ಕೈ ಹಾಕಿ ಮರ ಮುಟ್ಟಿಕೊಳ್ಳುತ್ತಿದ್ದರು. ಕೆಲವರು ಲೋಟ ಹಾಗೇ ಬಿಟ್ಟು ಎದ್ದುಹೋಗುತ್ತಿದ್ದರು. ಕೆಲವು ವರ್ಷಗಳಲ್ಲೇ ಅವನು ತೀರಿಕೊಂಡ. ಅಮ್ಮ ಮನೆಯಲ್ಲಿದ್ದ ಪ್ರತಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ಮಕ್ಕಳಿಗೆ ತನ್ನ ತವರಿನ ಹೆಸರಿಟ್ಟು ಸ್ಕಾರ್ಪಿನೊ ಮಾಡಿದಳು. ನಾಟಕ ಹೇಗಿತ್ತು ಎಂದು ನೆಲಿದಾ ಒಮ್ಮೆ ಕೇಳಿದಾಗ, ಯಾರೂ ನಗಲಿಲ್ಲವಂತೆ ಎಂದಿದ್ದಳು. ನಗೆನಾಟಕದ ಬಗ್ಗೆ ಅದಕ್ಕಿಂತ ಕೆಟ್ಟ ಮಾತಿಲ್ಲ.

ಅದು ನಿಜವೇ ಎಂಬುದೊಂದೇ ನೆಲಿದಾಗೆ ತಿಳಿಯಬೇಕಾಗಿದ್ದದ್ದು. ಅದಕ್ಕೆ ನಾಟಕವನ್ನು ಓದಬೇಕು, ಓದಲು ಪುಸ್ತಿಕೆ ಸಿಗಬೇಕು. ಒಂದು ಗ್ರಂಥಾಲಯದಲ್ಲಿ, ವಾರವಾರ ಬಂದ ಪುಸ್ತಿಕೆಗಳನ್ನು ಒಟ್ಟಿಗೆ ಹೊಲಿದ ಆ ವರ್ಷದ ಸಂಪುಟ ತರಿಸಿ ನೋಡಿದ್ದಳು. ಹಿಂದಿನ ವಾರದ ಕೊನೆಯ ಪುಟಕ್ಕೆ ಮುಂದಿನ ವಾರದ ಮುಖಪುಟವನ್ನು ಸೇರಿಸಿ ಅಂದವಾಗಿ ಹೊಲಿದಿದ್ದರು. ನಡುವಿನ ವಾರದ್ದು, ಅಪ್ಪನದು, ಬೈಂಡು ಮಾಡುವವನ ಕೈಯಲ್ಲೇ ಮಾಯವಾಗಿತ್ತು. ಯಾರನ್ನೂ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಇಂಥವನ ಮಗಳು ಎಂದು ಗೊತ್ತಾಗಿದ್ದರೆ ಯಾವ ಮಾಲೀಕನೂ ಅವಳನ್ನು ಟಿಕೆಟ್ ಕಿಂಡಿಯಲ್ಲಿ ಕೂರಿಸುತ್ತಿರಲಿಲ್ಲ. ನಿವೃತ್ತಿಯ ಮೇಲೂ ಆ ಅಂಜಿಕೆ ಹೋಗಲಿಲ್ಲ. ಬಾರ್ಬೆರಿಸನ ಬಳಿ ಅವಳು, ಮೂವತ್ತನಾಲ್ಕರ ಚಳಿಗಾಲದ್ದು ಏನಾದರೂ ಬಂತೇ ಎಂದು ಮಾತ್ರ ಕೇಳುತ್ತಿದ್ದಳು. ಬಂದಿಲ್ಲ ಎಂದು ಅವನು ಬೇರೇನಾದರೂ ಮುಂದೆ ತಳ್ಳುತ್ತಿದ್ದ.

ಬಾರ್ಬೆರಿಸ್ ಪ್ರಾಯದಲ್ಲಿ ನಟನಾಗಿದ್ದವನು. ದೊಡ್ಡ ಪಾತ್ರ ಯಾವತ್ತೂ ಸಿಗಲಿಲ್ಲ. ಆದರೆ ಒಳ್ಳೆಯ ಕಂಠವಿತ್ತು, ಅದು ವ್ಯರ್ಥವಾಗುವುದು ಅವನಿಗೆ ಇಷ್ಟವಿರಲಿಲ್ಲ. ಪುಸ್ತಕ ಮಾರಿದಾಗಲೆಲ್ಲ ಅದನ್ನು ಗಿರಾಕಿಯ ಕೈಗಿಡುವ ಮುನ್ನ ಹೆಸರನ್ನು ಗ್ಯಾಲರಿಯ ಕೊನೆಯ ಬೆಂಚಿಗೆ ಮುಟ್ಟುವಂತೆ ಗಟ್ಟಿಯಾಗಿ ಹೇಳುತ್ತಿದ್ದ. ಅಡುಗೆಪುಸ್ತಕವಾದರೂ ಸರಿ. ಹಾಗೆ ಹೇಳದೆ ಅವನು ಒಂದು ಪುಸ್ತಕವನ್ನೂ ಕೊಟ್ಟದ್ದಿಲ್ಲ.

ಎಂಬತ್ತೇಳನೇ ಇಸವಿಯ ಶರತ್ಕಾಲದಲ್ಲಿ ಅವನ ಮೊಣಕಾಲುಗಳು ಕೈಕೊಟ್ಟವು. ಅಂಗಡಿ ಬಿಡುತ್ತೇನೆ, ಕೊನೆಯ ಭಾನುವಾರ ಬಂದು ಖಾಲಿ ಮಾಡಲು ಕೈಹಚ್ಚು ಎಂದು ನೆಲಿದಾಗೆ ಹೇಳಿದ. ಅವಳು ಏಪ್ರನ್ನು ತಂದಿದ್ದಳು. ಕರವಸ್ತ್ರದಲ್ಲಿ ಎಂಪನಾದ ಕಡುಬುಗಳನ್ನೂ ಕಟ್ಟಿಕೊಂಡು ಬಂದಿದ್ದಳು. ಮಧ್ಯಾಹ್ನದ ತನಕ ಇಬ್ಬರೂ ಪುಸ್ತಕ ಇಳಿಸಿ ಕಟ್ಟು ಕಟ್ಟಿದರು. ಕೆಳಗಿನ ಹಲಗೆಗಳೂ ಖಾಲಿಯಾದಾಗ ತಳದ ಮೂಲೆಯಲ್ಲಿ, ಒಂದು ಇಟ್ಟಿಗೆಯ ಕೆಳಗೆ, ತೆಳ್ಳನೆಯ ಪೊಟ್ಟಣವೊಂದು ಕಂಡಿತು. ಕಂದು ಕಾಗದ ಸುತ್ತಿ ಅಡ್ಡಕ್ಕೂ ಉದ್ದಕ್ಕೂ ಕೆಂಪು ರಿಬ್ಬನ್ ಕಟ್ಟಿತ್ತು, ಕೇಡು ತಟ್ಟದಿರಲೆಂದು ಆ ಊರಿನವರು ಕಟ್ಟುವಂಥದ್ದು. ಕಾಗದ ಹರಿದ ಒಂದು ತುದಿಯಲ್ಲಿ ಊದಾ ಬಣ್ಣದ ಅಂಚು ಇಣುಕುತ್ತಿತ್ತು. ಮೂವತ್ತನಾಲ್ಕರ ಚಳಿಗಾಲದ ಸಂಚಿಕೆಗಳಿಗೆಲ್ಲ ಇದ್ದದ್ದು ಅದೇ ಊದಾ ಅಂಚು. ಆ ಚಳಿಗಾಲದ ಬೇರೆಲ್ಲ ಸಂಚಿಕೆಗಳೂ ಅವಳ ಮನೆಯಲ್ಲಿದ್ದವು.

ಅವಳು ಇಟ್ಟಿಗೆಯತ್ತ ಬಾಗಿದ್ದನ್ನು ಕಂಡು ಬಾರ್ಬೆರಿಸ್ ಕುಂಟುತ್ತ ಬಂದ.

“ಅದು ಬೇಡ ಬಿಡಮ್ಮ. ಅದು ಪುಸ್ತಕ ಅಲ್ಲ. ಹಲಗೆ ಅಲುಗಾಡತ್ತೆ ಅಂತ ಭಾರಕ್ಕೆ ಇಟ್ಟಿರೋದು.”

“ಭಾರಕ್ಕೆ ಇಟ್ಟಿದ್ದಕ್ಕೆ ಯಾರಾದ್ರೂ ಕೆಂಪು ರಿಬ್ಬನ್ ಕಟ್ತಾರಾ, ದೋನ್ ಫಿದೆಲ್?”

ಮುದುಕ ಸ್ಟೂಲಿನ ಮೇಲೆ ಕುಸಿದು ಕೂತ. ವಿಷಯ ಇಷ್ಟು: ಸತ್ತ ನಟನೊಬ್ಬನ ಮನೆಯಿಂದ ತಂದ ಮೂಟೆಯಲ್ಲಿ ಅದು ಬಂದಿತ್ತು, ಬಂದು ಎಷ್ಟೋ ಕಾಲವಾಗಿತ್ತು. ಅದು ನೆಲಿದಾಗೆ ಬೇಕಾದದ್ದು ಎಂಬುದೂ ಅವನಿಗೆ ಗೊತ್ತಿತ್ತು. ಪ್ರತಿ ಭಾನುವಾರ ಅವಳು ಕೇಳುವಾಗ ಅದು ಅವಳ ಕಾಲಬುಡದಲ್ಲೇ ಇತ್ತು. ಮಾರಿದರೆ ಕೊಂಡವಳಿಗೆ ಕೇಡು, ಹಾಗೇ ಕೊಟ್ಟರೂ ಕೇಡು, ಸುಟ್ಟರೆ ಸುಟ್ಟವನಿಗೆ. ಒಳ್ಳೆಯ ಹೆಂಗಸು, ಒಬ್ಬಳೇ ಇರುವವಳು, ಅವಳ ಮನೆಗೆ ಇದನ್ನು ಯಾಕೆ ಕಳಿಸಲಿ ಎಂದು ಇಟ್ಟಿಗೆ ಹೇರಿ ಕೂರಿಸಿದ್ದ. ಉಳಿದಿದ್ದದ್ದು ಒಂದೇ ದಾರಿ, ಅದು ತಾನಾಗಿಯೇ ಕಳೆದುಹೋಗಬೇಕು.

“ನಾನು ಮೂಲೆ ಅಂಗಡೀಲಿ ಕಾಫಿ ಕುಡಿದು ಬರ್ತೀನಿ. ಈ ನಡುವೆ ಮರೆವು ಜಾಸ್ತಿ ನನಗೆ. ಆ ಬೆಂಚಿನ ಮೇಲೆ ಏನಾದ್ರೂ ಬಿಟ್ಟು ಹೋದ್ರೂ ಹೋದೆ. ಯಾರು ಎತ್ಕೊಂಡ್ರು ಅಂತ ನಾನಂತೂ ಕೇಳಕ್ಕೆ ಹೋಗಲ್ಲ.”

ಅದಕ್ಕೆ ಒಪ್ಪಿದ್ದರೆ ಎಲ್ಲವೂ ಸದ್ದಿಲ್ಲದೆ ಮುಗಿಯುತ್ತಿತ್ತು. ನೆಲಿದಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಪಕ್ಕದ ಎವಾರಿಸ್ತೊ ಗಿರಾಕಿಯೊಬ್ಬನೊಡನೆ ಮಾತಿಗಿಳಿದಿದ್ದ. ಅವಳು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

“ನಾನು ಸ್ಕಾರ್ಪಿನೊ ಅಲ್ಲ, ದೋನ್ ಫಿದೆಲ್. ಅದು ನಮ್ಮಮ್ಮನ ತವರು ಹೆಸರು. ನಾನು ಫೆರ್ಮಿನ್ ಒಯಾರ್ಬಿದೆ ಮಗಳು.”

ಅಂಥ ಹೆಸರು ಕಿವಿಗೆ ಬಿದ್ದಾಗ, ಕೇಡು ತಟ್ಟದಿರಲೆಂದು, ಆ ಊರಿನ ಗಂಡಸರ ಎಡಗೈ ತೊಡೆಸಂದಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಬಾರ್ಬೆರಿಸನ ಕೈಯೂ ಹೊರಟಿತು. ತೊಡೆಯವರೆಗೆ ಬಂದು ಅಲ್ಲಿಯೇ ನಿಂತಿತು. ಅವನು ಆ ಕೈಯನ್ನು ಒಮ್ಮೆ ನೋಡಿಕೊಂಡು, ಎತ್ತಿ ಮೊಣಕಾಲಿನ ಮೇಲಿಟ್ಟ.

ಆಮೇಲೆ ಅವನು ಹೇಳಿದ್ದು ಅವಳ ಅಪ್ಪನ ಬೂಟಿನ ಕಸುಬಿನ ವಿಷಯ. ತಾಲೀಮಿಗೆ ಬರುವಾಗ ಆ ಮನುಷ್ಯ ಎಲ್ಲರ ಕಾಲಳತೆ ಕಣ್ಣಲ್ಲೇ ಹೇಳಿಬಿಡುತ್ತಿದ್ದನಂತೆ; ಬಾರ್ಬೆರಿಸನ ಬೂಟು ಬಿಗಿಯಾಗಿದೆಯೆಂದು ಆತನೇ ಮೊದಲು ಹೇಳಿದ್ದಂತೆ. ನೆಲಿದಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಾರ್ಬೆರಿಸ್ ಆ ನಾಟಕದಲ್ಲಿದ್ದ. ಆಗ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಮೂಲೆಯ ಕಾಫಿ ಅಂಗಡಿಯ ಮಾಣಿ ಅವನ ಪಾತ್ರ. ಇದ್ದದ್ದು ಎರಡೇ ಮಾತು.

ಅವಳು ಕೇಳಬೇಕಾದದ್ದನ್ನು ಕೇಳಿದಳು.

“ಜನ ನಕ್ಕರಾ?”

“ನಗೋದಾ?” ಮುದುಕ ತಲೆ ಎತ್ತಿದ. “ನಾಲ್ಕು ಸಂಸಾರ ಸೇರಿ ಒಂದೇ ಒಂದು ಛತ್ರಿಗೆ ಜಗಳ ಆಡ್ತಾರಮ್ಮ, ವಠಾರದ ಅಂಗಳದಲ್ಲಿ. ಹೊರಗೆ ಮಳೆ. ನಾನು ಕಾಫಿ ತಟ್ಟೆ ಹಿಡ್ಕೊಂಡು ಬಂದು ಹೇಳ್ಬೇಕು, ಮಳೆ ನಿಂತಿದೆ ಸ್ವಾಮಿ, ತಾವಿನ್ನು ನಿಧಾನವಾಗಿ ಜಗಳ ಆಡಬಹುದು ಅಂತ. ಅಷ್ಟು ಹೇಳಿದ ಮೇಲೆ ಎರಡನೇ ಮಾತಿಗೆ ನಾನು ಕಾಯ್ತಾ ನಿಂತಿರ್ಬೇಕಾಗಿತ್ತು. ನಗು ನಿಲ್ತಾನೇ ಇರ್ಲಿಲ್ಲ. ಮೂರು ರಾತ್ರೀನೂ ಹಾಗೇ. ಪರದೆ ಬಿದ್ದಿದ್ದು ಹಗ್ಗ ಹಳೇದಾಗಿತ್ತು ಅಂತ. ರಂಗದ ಮೇಲೆ ಛತ್ರಿ ಬಿಚ್ಚಿದ ಅಪಶಕುನಕ್ಕೆ ಬಿತ್ತು ಅಂದ್ರು. ಹೊಸ ಹಗ್ಗಕ್ಕಿಂತ ಅದು ಅಗ್ಗ ನೋಡು.”

ನೆಲಿದಾ ಕಟ್ಟುಗಳ ಮೇಲೆ ಕೂತು ಎರಡೂ ಕೈಯಲ್ಲಿ ಏಪ್ರನ್ನಿನ ಅಂಚು ಹಿಡಿದಿದ್ದಳು. ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಇಟ್ಟಿಗೆ ಸರಿಸಿ, ಪೊಟ್ಟಣವನ್ನು ತೆಗೆದು ಅವನ ಮುಂದಿನ ಖಾಲಿ ಹಲಗೆಯ ಮೇಲಿಟ್ಟಳು.

“ಬೆಂಚಿನ ಮೇಲಿಂದ ನಾನು ಎತ್ಕೊಳಲ್ಲ, ದೋನ್ ಫಿದೆಲ್. ನಮ್ಮಪ್ಪ ಬರೆದದ್ದು ಯಾರೋ ಬೀಳಿಸ್ಕೊಂಡು ಹೋದ ಕೈಗವಸಲ್ಲ. ಬೆಲೆ ಹೇಳಿ.”

ಅವನು ಅವಳತ್ತಲೂ ಪೊಟ್ಟಣದತ್ತಲೂ ಒಂದೊಂದು ಸಲ ಕಣ್ಣು ಹಾಯಿಸಿದ. ರಿಬ್ಬನ್ನಿನ ಗಂಟು ಬಿಚ್ಚಲು ಬೆರಳು ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಕಂದು ಕಾಗದ ಸರಿದು, ಮಾಸಿದ ಮುಖಪುಟದಲ್ಲಿ ಟೋಪಿ ಹಾಕಿದ ನಾಯಕಿ ಕಾಣಿಸಿದಳು. ಅವನು ಬೆಲೆ ಹೇಳಿದ. ಆ ವರ್ಷದ ಯಾವುದೇ ಸಂಚಿಕೆಗೆ ಹೇಳುವ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಹೇಳಿದ.

ನೆಲಿದಾ ಪುಸ್ತಿಕೆಯನ್ನು ಮೂಸಿದಳು. ಪಿನ್ನು ತಡವಿದಳು. ಪಾತ್ರಗಳ ಪುಟದಲ್ಲಿ ಎಲ್ಲಕ್ಕಿಂತ ಕೆಳಗೆ, ‘ಮಾಣಿ’ ಎಂಬುದರ ಎದುರಿಗೆ, ಫಿ. ಬಾರ್ಬೆರಿಸ್ ಎಂದಿತ್ತು. ಮೊದಲ ಮುದ್ರಣವೇ.

“ಹಿಂಬದಿ ರಟ್ಟು ಅರ್ಧ ಇಲ್ಲ,” ಎಂದಳು.

“ಇಲ್ಲದ್ದು ಕೂದಲೆಣ್ಣೆ ಜಾಹೀರಾತು. ನಿನಗೆ ಕೂದಲು ಉದುರ್ತಿದ್ಯಾ?”

“ಇಟ್ಟಿಗೆ ಗುರುತು ಬಿದ್ದಿದೆ.”

“ಇಟ್ಟಿಗೆಗೆ ಬೇರೆ ದುಡ್ಡು ಕೇಳಿಲ್ಲ ಅಂತ ಸಂತೋಷಪಡು.”

ಅವರು ಎಂದಿನಂತೆ ಚೌಕಾಸಿ ಮಾಡಿದರು, ಎಂದಿನಂತೆ ನಡುವೆ ಎಲ್ಲೋ ಬಂದು ನಿಂತರು. ನೆಲಿದಾ ಹಣ ಹಲಗೆಯ ಮೇಲಿಟ್ಟು ಕೈಚೀಲದ ಬಾಯಿ ಬಿಡಿಸಿ ಹಿಡಿದಳು. ಹಿಡಿದೇ ನಿಂತಳು. ಬಾರ್ಬೆರಿಸ್ ಪುಸ್ತಿಕೆಯನ್ನು ಮುಂದೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನಿಗೆ ಗೊತ್ತಾಯಿತು. ಒಂದು ಕೈಯನ್ನು ತಗಡಿಗೆ ಊರಿ, ಮೊಣಕಾಲು ಬೈದುಕೊಳ್ಳುತ್ತ ಎದ್ದು ನೇರ ನಿಂತ. ಗಂಟಲು ಸರಿಮಾಡಿಕೊಂಡ.

“ನಾಲ್ಕು ಮನೆಗೆ ಒಂದು ಛತ್ರಿ,” ಎಂದ. “ಮೂರು ಅಂಕಗಳ ನಗೆನಾಟಕ. ರಚನೆ, ಫೆರ್ಮಿನ್ ಒಯಾರ್ಬಿದೆ.”

ದನಿ ಮರದಡಿಯ ಚದುರಂಗದವರ ತನಕ ಹೋಯಿತು. ಆಚೀಚೆಯ ಅಂಗಡಿಗಳಲ್ಲಿ ಮಾತು ನಿಂತಿತು. ಎವಾರಿಸ್ತೊ ಮಾರುತ್ತಿದ್ದ ಭೂಗೋಳದ ಪುಸ್ತಕವನ್ನು ಗಿರಾಕಿಯ ಕೈಗೆ ತುರುಕಿ ಎಡಗೈಯನ್ನು ತನ್ನ ಕೆಲಸಕ್ಕೆ ಕಳಿಸಿದ.

“ನನ್ನ ಅಂಗಡಿಗೆ ಏನಾದ್ರೂ ಆಯ್ತೋ,” ಎಂದ, “ನೀವಿಬ್ಬರೇ ಕಟ್ಟಿಸಿಕೊಡ್ಬೇಕು ನೋಡಿ.”

ಅವನ ಅಂಗಡಿಗೆ ಏನೂ ಆಗಲಿಲ್ಲ. ಬಾರ್ಬೆರಿಸ್ ಕೆಂಪು ರಿಬ್ಬನ್ನನ್ನು ಸುರುಳಿ ಸುತ್ತಿ ಎವಾರಿಸ್ತೊವಿನ ಮೇಜಿನ ಮೇಲಿಟ್ಟು, ಇಟ್ಟುಕೋ, ನಿನಗೆ ಬೇಕಾಗಬಹುದು ಎಂದ. ಉಳಿದ ಕಟ್ಟುಗಳನ್ನು ಗಾಡಿಗೆ ಏರಿಸಿಯೇ ನೆಲಿದಾ ಹೊರಟದ್ದು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೈಗೆ ಬಂದ ಹೊಸ ಪುಸ್ತಿಕೆಯನ್ನು ದಾರಿಯಲ್ಲಿ ತೆರೆಯುವ ಅಭ್ಯಾಸ ಅವಳಿಗಿರಲಿಲ್ಲ. ಮೊದಲು ಪಿನ್ನು ತೆಗೆಯಬೇಕು, ಒಂದು ದಿನ ಗಾಳಿಗಿಡಬೇಕು. ಅವತ್ತು ತೆರೆದಳು. ಮೊದಲ ಅಂಕ ಅಷ್ಟೇನೂ ಚೆನ್ನಾಗಿರಲಿಲ್ಲ. ಜನ ಸುಮ್ಮನೆ ಬರುತ್ತಾರೆ, ಹೋಗುತ್ತಾರೆ; ಟಿಕೆಟ್ ಕಿಂಡಿಯಲ್ಲಿ ಕೂತು ಇಂಥವನ್ನು ಅವಳು ಬೇಕಾದಷ್ಟು ಕೇಳಿಸಿಕೊಂಡಿದ್ದಳು. ಎರಡನೆಯ ಅಂಕದಲ್ಲಿ ಛತ್ರಿಯ ಜಗಳ ಹತ್ತಿತು. ಬಡಗಿಯ ಹೆಂಡತಿ ಹಿಡಿಕೆ ತನ್ನದು ಅನ್ನುತ್ತಾಳೆ, ಕ್ಷೌರಿಕ ಬಟ್ಟೆ ತನ್ನದು ಅನ್ನುತ್ತಾನೆ. ನೆಲಿದಾ ಪುಟ ತಿರುಗಿಸಿದಳು. ಮಾಣಿ ಒಳಗೆ ಬಂದ, ತನ್ನ ಮೊದಲ ಮಾತು ಹೇಳಿದ. ಮುಂದೆ ಏನಿದೆ ಎಂದು ಗೊತ್ತಿದ್ದೂ ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತವನು ತಿರುಗಿ ನೋಡಿದ. ಅವಳು ಎರಡನೆಯ ಮಾತಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡು, ಜನ ನಕ್ಕು ಮುಗಿಸುವಷ್ಟು ಹೊತ್ತು ಕಾದು, ಆಮೇಲೆ ಮುಂದಕ್ಕೆ ಓದಿದಳು.