ಗದ್ದ ನೋಡಿ, ಹದ್ದು ಎನ್ನಬೇಡಿ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್‌ನಲ್ಲಿ ನಾನು ಒಂದು ಹಕ್ಕಿಯ ಪರ ವಕಾಲತ್ತು ವಹಿಸಿದೆ. ಬಾಯಿ ತೆರೆದ ಮೊದಲ ವಾಕ್ಯಕ್ಕೇ ಕೇಸು ಸೋತೆ.

ಹೇಳಿದ್ದು ಇಷ್ಟೇ: "ದಾನಿ ಗದ್ದ ಚೂಡಂಡಿ."

ಅದರ ಗದ್ದ ನೋಡಿ ಎಂದೆ. ಇದರಲ್ಲಿ ಸೋಲುವಂಥದ್ದೇನಿದೆ ಎನ್ನುತ್ತೀರಾ? ತಡೆಯಿರಿ, ಮೊದಲು ಹಕ್ಕಿಯ ವಿಷಯ ಹೇಳುತ್ತೇನೆ.

ನಾವಿರುವುದು ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ. ಬಾಗಲಕೋಟೆಯಿಂದ ಟ್ರಾನ್ಸ್‌ಫರ್ ಮೇಲೆ ಬಂದವರು, ಎರಡೇ ವರ್ಷದ ಮಟ್ಟಿಗೆ. ಬಂದ ದಿನ ಎಲ್ಲರಿಗೂ ಹಾಗೆಂದೇ ಹೇಳಿಕೊಂಡಿದ್ದೆವು. (ಆಗ ಮಗಳಿಗೆ ಹಾಲುಹಲ್ಲು. ಈಗ ನನ್ನ ಒಳ್ಳೊಳ್ಳೆ ಸೀರೆಗಳೆಲ್ಲ ಅವಳ ಬೀರುವಿನಲ್ಲಿವೆ.)

ದೀಪಾವಳಿ ಮುಗಿದ ಮೇಲೆ ಎದುರಿನ ಬ್ಲಾಕಿನ ನೀರಿನ ಟ್ಯಾಂಕಿನ ಅಂಚಿಗೆ ಒಂದು ಹಕ್ಕಿ ಬಂದು ಕೂತಿತು. ಮರುದಿನವೂ ಅಲ್ಲೇ. ಆಮೇಲೊಂದು ಬೆಳಿಗ್ಗೆ ಅಲ್ಲೇ ಕೂತು ಒಂದು ಪಾರಿವಾಳ ತಿಂದು ಮುಗಿಸಿತು. ಪುಕ್ಕಗಳು ತೇಲಿಕೊಂಡು ಬಂದು ಕೆಳಗಿನ ಬಾಲ್ಕನಿಗಳಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆ ಇಳಿದವು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಮೆಸೇಜುಗಳು ನಿಂತು ಪುಕ್ಕದ ಫೋಟೋಗಳು ಶುರುವಾದವು. (ಪಾರಿವಾಳಗಳ ಹಿಕ್ಕೆ ಒರೆಸಿ ಒರೆಸಿ ಶಾಪ ಹಾಕುತ್ತಿದ್ದವರೇ ಈಗ ಪಾರಿವಾಳದ ಕಡೆ.)

ನಮ್ಮ ಸೆಕ್ರೆಟರಿ ರಾವ್ ಗಾರು. ಒಳ್ಳೆಯವರು, ಆದರೆ ತೀರ್ಪು ಬೇಗ ಕೊಡುತ್ತಾರೆ. ಅದು ಹದ್ದು ಎಂದು ಬರೆದರು. ಗೂಡು ಕಟ್ಟುತ್ತದೆ, ಮರಿ ಮಾಡುತ್ತದೆ, ಟೆರೇಸಿಗೆ ಹೋದವರ ತಲೆ ಕುಕ್ಕುತ್ತದೆ. ಆದ್ದರಿಂದ ಟ್ಯಾಂಕಿನ ಅಂಚಿಗೆ ಮುಳ್ಳಿನ ಪಟ್ಟಿ ಹೊಡೆಸಬೇಕು. ಭಾನುವಾರ ಮೀಟಿಂಗ್.

ನಮ್ಮ ಮನೆಯವರಿಗೆ ಅವತ್ತು ಊಟ ಸೇರಲಿಲ್ಲ.

ರಿಟೈರ್ ಆದಾಗಿನಿಂದ ಅವರಿಗೊಂದು ಹುಚ್ಚು. ಚಳಿಗಾಲ ಬಂತೆಂದರೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆ, ಬಯಲು ಸುತ್ತುವುದು, ದೂರದೇಶದಿಂದ ಬರುವ ಬೇಟೆಹಕ್ಕಿಗಳನ್ನು ಹುಡುಕುವುದು. ಈ ವರ್ಷ ಮೊಣಕಾಲಿನ ಆಪರೇಷನ್ ಆಗಿದೆ, ಬಾಲ್ಕನಿಯೇ ಗಡಿ. ಇಡೀ ಚಳಿಗಾಲ ಹಾಳಾಯಿತೆಂದು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರು. ಅಂಥ ವರ್ಷವೇ ಹಕ್ಕಿ ತಾನಾಗಿ ಬಂದು ಅವರ ಕುರ್ಚಿಗೆ ಎದುರಾಗಿ ಕೂತಿದೆ. ಅದನ್ನು ಓಡಿಸುವುದೆಂದರೆ?

"ಹದ್ದಿನ ಬಾಲ ಮೀನಿನ ಬಾಲದಂಗ ಸೀಳಿರತೈತಿ. ಇದರದು ನೆಟ್ಟಗ ಐತಿ," ಎಂದರು ಬೈನಾಕ್ಯುಲರ್ ಇಳಿಸದೆ. "ಇದು ಡೇಗಿ. ಭಾಳ ದೂರದ ಹಿಮದ ನಾಡಿಂದ ಬಂದೈತಿ. ಯುಗಾದಿ ಹೊತ್ತಿಗೆ ತಾನ ಹೊಳ್ಳಿ ಹೋಗತೈತಿ."

"ಇಲ್ಲೇ ಇರೋ ಡೇಗಿ ಅಲ್ಲಂತ ಹೆಂಗ ಹೇಳ್ತೀರಿ?"

"ಇಲ್ಲೀದಕ್ಕ ಎದಿ ಇಟ್ಟಂಗಿ ಬಣ್ಣ ಇರತೈತಿ. ಇದರದು ಬೆಳ್ಳಗೈತಿ. ಅವರಿಗೆ ಅಷ್ಟೆಲ್ಲಾ ಬ್ಯಾಡ, ಗದ್ದ ನೋಡ್ರಿ ಅನ್ನು. ಬಿಳೀ ಗದ್ದ, ಅದರ ಬಾಜೂಕ ಕಣ್ಣಿನ ಕೆಳಗಿಂದ ಇಳಿದ ಕರೀ ಮೀಸಿ. ಹದ್ದಿಗೆ ಎಲ್ಲೈತಿ ಮೀಸಿ?"

ಅವರು ಕೆಳಗೆ ಇಳಿಯುವಂತಿಲ್ಲ. ನಾನೇ ಹೋದೆ. ನನ್ನ ತೆಲುಗು ಸೊಪ್ಪು ಚೌಕಾಸಿಗೆ ಸಾಕು, ವಾದಕ್ಕೆ ಸಾಲದು. ಗೊತ್ತಿಲ್ಲದ ಕಡೆ ಕನ್ನಡ ಪದ ತೂರಿಸಿದರೆ ಮುಕ್ಕಾಲು ಪಾಲು ನಡೆದುಹೋಗುತ್ತದೆ. ಅದೇ ಧೈರ್ಯದಲ್ಲಿ, ಅದರ ಗದ್ದ ನೋಡಿ ಎಂದೆ.

ರಾವ್ ಗಾರ ಮುಖ ಅರಳಿತು. "ಗದ್ದೇ ಕದಾ? ಮೇಮೂ ಅದೇ ಅಂಟುನ್ನಾಂ."

ಹದ್ದೇ ತಾನೆ, ನಾವೂ ಅದನ್ನೇ ಹೇಳುತ್ತಿದ್ದೇವೆ ಎಂದು. ಹೌದು, ತೆಲುಗಿನಲ್ಲಿ ಗದ್ದ ಎಂದರೆ ಹದ್ದು. ನಮ್ಮ ಗದ್ದ ಅವರಿಗೆ ಗಡ್ಡಂ. ನಮ್ಮ ಗಡ್ಡವೂ ಅವರಿಗೆ ಗಡ್ಡಂ. ಇಷ್ಟು ವರ್ಷ ಈ ಊರಿನಲ್ಲಿದ್ದು ನನಗಿದು ಗೊತ್ತಿರಲಿಲ್ಲವೆಂದರೆ ನಂಬುತ್ತೀರಾ? ಹಕ್ಕಿಯ ಮಾತಾಗಲಿ ಗದ್ದದ ಮಾತಾಗಲಿ ಸೊಪ್ಪಿನವಳ ಹತ್ತಿರ ಬಂದೇ ಇರಲಿಲ್ಲ.

ನಾನು ಬಿಡಲಿಲ್ಲ, ಹದ್ದಲ್ಲ ಎಂದೆ. "ಕಾದಂಡಿ, ಗದ್ದ, ಗದ್ದ," ಎಂದು ನನ್ನ ಗದ್ದವನ್ನೇ ಮುಟ್ಟಿ ತೋರಿಸಿದೆ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ತಮ್ಮ ಕರವಸ್ತ್ರ ಕೊಟ್ಟರು. ನಾನು ಒರೆಸಿಕೊಂಡೂ ಬಿಟ್ಟೆ.

ಕೊನೆಗೆ ಮಾತು ಬಿಟ್ಟು ಕಣ್ಣಿನ ಕೆಳಗಿನಿಂದ ಕೆನ್ನೆಯ ಮೇಲೆ ಬೆರಳಿನಲ್ಲಿ ಗೆರೆ ಎಳೆದೆ. ರಾವ್ ಗಾರು ತಮಗೇ ತಿಳಿಯದೆ ತಮ್ಮ ಮೀಸೆ ಮುಟ್ಟಿಕೊಂಡರು. "ಅದೇ, ಮೀಸಾಲು," ಎಂದು ಫೋನಿನಲ್ಲಿದ್ದ ಹಕ್ಕಿಯ ಫೋಟೋ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು. ದೊಡ್ಡದು ಮಾಡಿ ಮತ್ತೆ ನೋಡಿದರು.

"ಡೇಗಾ? ಮನ ಟ್ಯಾಂಕ್ ಮೀದಾ?"

ನಮ್ಮ ಟ್ಯಾಂಕಿನ ಮೇಲೆ ಡೇಗೆಯೇ? 'ನಮ್ಮ' ಎಂಬ ಆ 'ಮನ' ಕೇಳಿ ನನಗೆ ನಿಜವಾಗಿಯೂ ಖುಷಿಯಾಯಿತು. ಪುಸ್ತಕದ ಡೇಗೆ, ನಮ್ಮವರ ಡೇಗಿ, ತೆಲುಗಿನ ಡೇಗ. ಒಂದೇ ಪದ ಎರಡೂ ಮನೆಯಲ್ಲಿತ್ತು, ಹುಡುಕಿದವರಿರಲಿಲ್ಲ. ಮೀಟಿಂಗ್ ಮುಗಿಯುವ ಹೊತ್ತಿಗೆ ಮುಳ್ಳಿನ ಪಟ್ಟಿ ಯುಗಾದಿಯವರೆಗೆ ಮುಂದಕ್ಕೆ ಹೋಯಿತು. ಅಷ್ಟರೊಳಗೆ ಹಕ್ಕಿ ಹೋಗಿಬಿಡುತ್ತದೆ ಎಂಬ ಗ್ಯಾರಂಟಿ ನನ್ನದು.

ಸುದ್ದಿ ಹೇಳಿದಾಗ ಮನೆಯವರು ಎರಡನೇ ಸಲ ಅನ್ನ ಬಡಿಸಿಕೊಂಡರು.

ಮರುದಿನ ಸಂಜೆ ರಾವ್ ಗಾರು ನಮ್ಮ ಬಾಲ್ಕನಿಗೇ ಬಂದರು. ಚಹಾ ಆರುವವರೆಗೂ ಬೈನಾಕ್ಯುಲರ್ ಕೆಳಗಿಡಲಿಲ್ಲ. ಡೇಗೆ ಒಂದು ಕಾಲೆತ್ತಿ ಗದ್ದ ಕೆರೆದುಕೊಂಡಿತು. ಗಂಡಸರಿಬ್ಬರೂ ಒಟ್ಟಿಗೆ ನಕ್ಕರು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಯುಗಾದಿಗೆ ಖಂಡಿತ ಹೋಗುತ್ತದಲ್ಲ ಎಂದು ರಾವ್ ಗಾರು ವಿಚಾರಿಸಿದರು. ಖಂಡಿತ ಎಂದೆ. ಅವರು ಮೀಸೆಯಲ್ಲೇ ನಕ್ಕು ಇನ್ನೊಂದು ಮಾತು ಕೇಳಿದರು. ತೆಲುಗಿನಲ್ಲೇ ಕೇಳಿದರು, ಆದರೆ ಈ ಸಲ ನನಗೆ ಒಂದು ಪದವೂ ತಪ್ಪಾಗಿ ಕೇಳಿಸಲಿಲ್ಲ.

"ಮೇಡಂ, ನೀವೂ ಬಂದಾಗ ಎರಡೇ ವರ್ಷ ಅಂದಿದ್ರಿ, ಅಲ್ವಾ?"