ಹುಳುಮನೆಯೊಳಗಿನ ಪೆಟ್ಟಿಗೆ

ಅರವತ್ತರ ದಶಕದ ಕೊನೆ. ನಾನಾಗ ಸಂಶೋಧನಾ ವಿದ್ಯಾರ್ಥಿ. ಗೆಲಾಕ್ಸಿಗಳ ಗುಂಪನ್ನು ತೂಗುತ್ತೇವೆ ಎಂದರೆ ನೆಂಟರೆಲ್ಲ ತಕ್ಕಡಿ ಎಲ್ಲಿ ಎಂದು ನಗುತ್ತಿದ್ದರು. ಗುಂಪಿನ ನಡುವೆ ವಿಪರೀತ ಕಾದ ಅನಿಲವಿದೆ, ಅದು ಎಕ್ಸ್-ರೇ ಸೂಸುತ್ತದೆ ಎಂಬುದು ನಮ್ಮ ಮೇಷ್ಟರ ಊಹೆ. ಅಷ್ಟು ಕಾದದ್ದು ಚದುರದೆ ನಿಂತಿದೆಯೆಂದರೆ ಅದನ್ನು ಹಿಡಿದಿಟ್ಟ ತೂಕ ಎಷ್ಟಿರಬೇಕು? ಬಿಸಿ ತಿಳಿದರೆ ತೂಕ ತಿಳಿಯುತ್ತದೆ. ಆ ಎಕ್ಸ್-ರೇ ವಾತಾವರಣ ದಾಟಿ ನೆಲ ಮುಟ್ಟುವುದಿಲ್ಲ, ಅದಕ್ಕೇ ಬಲೂನಿಗೆ ಪೆಟ್ಟಿಗೆ ಕಟ್ಟಿ ಬಿಟ್ಟಿದ್ದೆವು. ಅಳತೆಯೆಲ್ಲ ಪೆಟ್ಟಿಗೆಯೊಳಗಿನ ಫಿಲ್ಮಿನ ಮೇಲೆ. ನನ್ನ ಎರಡು ವರ್ಷದ ದುಡಿಮೆಯೂ ಅದರ ಮೇಲೆಯೇ.

ಬಲೂನು ಗಾಳಿಗೆ ದಿಕ್ಕು ತಪ್ಪಿ ಸಾದಲಿ ಎಂಬ ಹಳ್ಳಿಯ ಹತ್ತಿರ ಬಿತ್ತು. ಚಿಂತಾಮಣಿಯವನು, ಆ ಕಡೆಯ ಮಾತು ಬಲ್ಲವನು ಎಂದು ನನ್ನನ್ನೇ ಅಟ್ಟಿದರು.

ಪೆಟ್ಟಿಗೆ ಸಿಕ್ಕಿದ್ದು ಒಬ್ಬ ರೈತರ ಹೆಂಡತಿಗೆ. ಮೇಲೆ ಅಂಟಿಸಿದ್ದ 'ತೆರೆಯಬೇಡಿ' ಎಂಬ ಚೀಟಿಯನ್ನು ಯಾರಿಂದಲೋ ಓದಿಸಿ, ತೆರೆಯದೆ ಜೋಪಾನವಾಗಿ ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ ಇಟ್ಟಿದ್ದರು. ಆದರೆ ಹುಳುಗಳಿಗೆ ಚಳಿಯೆಂದು ಅಲ್ಲಿ ಕೆಂಡದ ಕುಂಡವಿತ್ತು. ಬಿಸಿಗೆ ಫಿಲ್ಮು ಮಂಕಾಗುತ್ತದೆ.

ಬಾಗಿಲಿಗೆ ಆಕೆ ಅಡ್ಡ ನಿಂತರು. "ಹುಳ ಗೂಡು ಕಟ್ತಾ ಅವೆ. ಹೊರಗಿನವರು ಕಾಲಿಡಂಗಿಲ್ಲ ಕಣಪ್ಪ."

"ನೀವೇ ತಂದುಕೊಡಿ."

"ಚಂದ್ರಿಕೆಗಳ್ನ ಆ ಪೆಟ್ಟಿಗೆಗೇ ಒರಗಿಸಿದ್ದೀವಿ. ಅಲುಗಾಡಿಸಿದ್ರೆ ಗೂಡು ಕೆಡ್ತದೆ. ಮೂರು ದಿನ ತಡಿ."

ಮೂರು ದಿನ! ನಮ್ಮ ಸೋದರತ್ತೆಯೂ ಹುಳು ಸಾಕುತ್ತಿದ್ದರು. ಗೂಡು ಕಟ್ಟುವಾಗ, ಹುಳು ಬಿಡುವ ಅವರ ಬಿದಿರಿನ ತಟ್ಟಿಗಳ, ಅಂದರೆ ಚಂದ್ರಿಕೆಗಳ ಬಳಿ ನಾವು ಮಕ್ಕಳು ಕೆಮ್ಮುವಂತೆಯೂ ಇರಲಿಲ್ಲ. ಎಲ್ಲ ತಿಳಿದಿದ್ದೂ ನನಗೆ ಮೈಯೆಲ್ಲ ಉರಿಯಿತು. ಬೇಡಿದೆ, ರೇಗಿದೆ. ಆಕೆ ಜಗ್ಗಲಿಲ್ಲ. ಕೋಪದ ಕೈಗೆ ಬುದ್ಧಿ ಕೊಟ್ಟು ಅಂದುಬಿಟ್ಟೆ: "ಅದು ಬಾಂಬಮ್ಮಾ! ಬಿಸಿಗೆ ಸಿಡಿದರೆ ಹುಳುವೂ ಇಲ್ಲ, ಮನೆಯೂ ಇಲ್ಲ!"

ಅರವತ್ತೈದರ ಯುದ್ಧ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಆಕೆಯ ಮುಖ ಬಿಳಿಚಿತು. ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ನಾನು ಗೆದ್ದೆನೆಂದುಕೊಂಡೆ. ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಆಕೆ ಒಳಗೆ ಚಂದ್ರಿಕೆಗಳನ್ನು ಒಂದೊಂದಾಗಿ, ಒಂದು ಹುಳುವೂ ಉದುರದಂತೆ ಸರಿಸುತ್ತಿದ್ದರಂತೆ. ಆಮೇಲೆ ಹಿತ್ತಿಲಲ್ಲಿ ಹೆಜ್ಜೆ ಸದ್ದು ಕೇಳಿ ಓಡಿದೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಆಕೆ ಬಾವಿಯ ಕಡೆಗೆ ಓಡುತ್ತಿದ್ದರು.

"ಬೇಡಮ್ಮಾ! ಹಾಕಬೇಡಿ!"

"ಹತ್ರ ಬರಬೇಡ!" ಎಂದು ಕಿರುಚಿ ಎಸೆದೇಬಿಟ್ಟರು. ಪೆಟ್ಟಿಗೆ ಬಾವಿಯ ಕಲ್ಲಿಗೆ ಬಡಿದು, ಬಾಯಿ ಬಿಟ್ಟು, ಮುಳುಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಜೆ ಮೇಲೆತ್ತಿದಾಗ ಫಿಲ್ಮು ನೆನೆದು ಮುದ್ದೆಯಾಗಿತ್ತು.

ಆದರೆ ನನ್ನನ್ನು ಇವತ್ತಿಗೂ ಸುಡುವುದು ಅದಲ್ಲ. ಎಸೆದ ಮೇಲೆ ಆಕೆ ಅಲ್ಲೇ ಕುಸಿದು ಕೂತರು. ನಾನು ಹತ್ತಿರ ಹೋದಾಗ ನನ್ನ ತೋಳು ಹಿಡಿದುಕೊಂಡರು.

"ಯಾಕಪ್ಪ ಹಿಂದೇನೇ ಓಡಿ ಬಂದೆ? ನಿನಗೇನಾದ್ರೂ ಆಗಿದ್ರೆ ನಿಮ್ಮಮ್ಮನಿಗೆ ನಾನೇನು ಹೇಳ್ಲಿ?"

ಅದು ಬಾಂಬಲ್ಲ ಎಂದು ಆಕೆಗೆ ನಾನು ಹೇಳಲೇ ಇಲ್ಲ.